ಎಲುಬಿನ ಮದ್ದು, ದವಡೆಯ ಪಾಡು

"ಏನರ ಗುಳಿಗಿ ನಡದಾವೇನ್ರಿ ಅಮ್ಮಾ?"

"ಬೀಪಿದೊಂದು, ಸಕ್ಕರೀದೆರಡು ಅದಾವ್ರಿ ಸಾಹೇಬ್ರ."

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕರಲ್ಲಿ ಯಾವ ಊರಿನ ಹಲ್ಲಿನ ದವಾಖಾನೆಗೆ ಹೋದರೂ ಹಲ್ಲು ಕೀಳುವ ಮುಂಚಿನ ಮಾತುಕತೆ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಡಾಕ್ಟರು ಕೇಳಿದ್ದು ಗುಳಿಗೆಯ ಬಗ್ಗೆ, ಅಜ್ಜಿ ಹೇಳಿದ್ದೂ ಗುಳಿಗೆಯ ಬಗ್ಗೆ. ಯಾರೂ ಸುಳ್ಳು ಹೇಳಿಲ್ಲ. ಆದರೆ ಕಳೆದ ದೀಪಾವಳಿಯ ಹೊತ್ತಿಗೆ ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಎಲುಬಿನ ಡಾಕ್ಟರು ಅರ್ಧ ತಾಸು ಮಲಗಿಸಿ ಏರಿಸಿದ ಒಂದು ಸಲೈನು ಈ ಲೆಕ್ಕಕ್ಕೆ ಬರುವುದೇ ಇಲ್ಲ. ದಿನಾ ನುಂಗುವುದು ಮಾತ್ರ ಔಷಧಿ, ವರ್ಷದ ಹಿಂದೆ ನರದಲ್ಲಿ ಹೋದದ್ದು ಮುಗಿದ ಕತೆ ಎಂದು ನಮ್ಮ ಮಂದಿ ತಿಳಿಯುವುದು ಸಹಜ. ಆ ಸಲೈನಿನಲ್ಲಿದ್ದ ಮದ್ದು ಮಾತ್ರ ಇನ್ನೂ ಎಲುಬಿನೊಳಗೇ ಕುಳಿತಿದೆ, ದವಡೆಯ ಎಲುಬಿನಲ್ಲಂತೂ ಗಟ್ಟಿಯಾಗಿ ಕುಳಿತಿದೆ.

ಎಲುಬು ಗಟ್ಟಿಮಾಡುವ ಕೆಲವು ಮದ್ದುಗಳಿಂದ ಅಪರೂಪಕ್ಕೆ ದವಡೆಯ ಎಲುಬು ಸತ್ತುಹೋಗುತ್ತದೆ ಎಂಬ ಸಂಗತಿ ವೈದ್ಯರಿಗೆ 20ಕ್ಕೂ ಹೆಚ್ಚು ವರ್ಷಗಳಿಂದ ಗೊತ್ತು. ಈ ಬಗ್ಗೆ ಹಾವೇರಿ ಜಿಲ್ಲೆಯ ಹಳ್ಳಿಗಳಿಗೆ ತಲುಪಿರುವುದು ಎರಡೇ ತರಹದ ಸುದ್ದಿ. ಒಂದು, ಏನೂ ಸುದ್ದಿಯೇ ಇಲ್ಲದಿರುವುದು. ಇನ್ನೊಂದು, "ಆ ಇಂಜೆಕ್ಷನ್ ತಗೊಂಡ್ರ ಗದ್ದ ಕೊಳೀತೈತಂತ" ಎಂದು ಮೊಬೈಲಿನಲ್ಲಿ ಹರಿದಾಡುವ ಭಯ. ಎರಡೂ ಅಪಾಯಕಾರಿ. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ಅಪಾಯಕಾರಿ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ರೋಗದ ಗುರುತು. ಹಲ್ಲು ಕೀಳಿಸಿದ ಕುಣಿ ಎರಡು-ಮೂರು ವಾರದಲ್ಲಿ ಮುಚ್ಚಿಕೊಳ್ಳಬೇಕು. ಅದು ಮುಚ್ಚುವುದಿಲ್ಲ. ನಾಲಿಗೆ ತಾಗಿಸಿದರೆ ಒಡೆದ ಬೋಕಿಯಂತೆ ಏನೋ ಒರಟು ಸಿಗುತ್ತದೆ. ಕನ್ನಡಿಯಲ್ಲಿ ನೋಡಿದರೆ ಒಸಡಿನ ನಡುವೆ ಹಳದಿ-ಬಿಳಿ ಎಲುಬು ಬತ್ತಲೆಯಾಗಿ ಕಾಣುತ್ತದೆ. ಕೆಲವರಿಗೆ ನೋವೇ ಇರುವುದಿಲ್ಲ. ಕೆಲವರಿಗೆ ಕೀವು, ದುರ್ವಾಸನೆ, ಬಾವು, ಕೆಳತುಟಿಯಲ್ಲಿ ಜೋಮು. ಹೀಗೆ ತೆರೆದ ಎಲುಬು, ಇಲ್ಲವೇ ಒಸಡಿನ ಅಥವಾ ಗದ್ದದ ತೂತಿನಿಂದ ಕಡ್ಡಿ ಹಾಕಿದರೆ ತಾಗುವ ಎಲುಬು, 8 ವಾರಕ್ಕಿಂತ ಹೆಚ್ಚು ಕಾಲ ಹಾಗೆಯೇ ಉಳಿದಿರಬೇಕು. ರೋಗಿ ಎಲುಬಿನ ಸವೆತ ತಡೆಯುವ ಮದ್ದು ತೆಗೆದುಕೊಳ್ಳುತ್ತಿರಬೇಕು ಅಥವಾ ಹಿಂದೆ ತೆಗೆದುಕೊಂಡಿರಬೇಕು. ದವಡೆಗೆ ಕರೆಂಟು ಕೊಡಿಸಿರಬಾರದು, ಅಂದರೆ ರೇಡಿಯೇಶನ್ ಆಗಿರಬಾರದು, ಕ್ಯಾನ್ಸರು ದವಡೆಗೇ ಹಬ್ಬಿರಬಾರದು. ಇಷ್ಟೂ ಕೂಡಿದರೆ ಮಾತ್ರ ಇದು ಮದ್ದಿನಿಂದಾದ ದವಡೆ ಎಲುಬಿನ ಸಾವು ಎಂದು ಅಮೆರಿಕದ ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸಕರ ಸಂಘ ಗೆರೆ ಎಳೆದಿದೆ. ಆ ಸಂಘ 2007, 2009, 2014 ಮತ್ತು 2022ರಲ್ಲಿ ತನ್ನ ನಿಲುವನ್ನು ತಿದ್ದಿ ತಿದ್ದಿ ಪ್ರಕಟಿಸಿದೆ. ಪಂಡಿತರು ಇಷ್ಟು ಸಲ ಮಾತು ತಿದ್ದಿಕೊಂಡಿದ್ದಾರೆಂದರೆ ವಿಷಯ ಇನ್ನೂ ಹದಕ್ಕೆ ಬಂದಿಲ್ಲವೆಂದೇ ಅರ್ಥ.

ಈ ಕತೆಗೊಂದು ಹಳೆಯ ಅಧ್ಯಾಯವಿದೆ, ಅದು ನಮ್ಮೆಲ್ಲರ ಒಲೆಯ ಪಕ್ಕದ ಕಡ್ಡಿಪೆಟ್ಟಿಗೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಕಿಕಡ್ಡಿಯ ತುದಿಗೆ ಬಿಳಿ ರಂಜಕ ಮೆತ್ತುತ್ತಿದ್ದರು. ಅದರ ಹೊಗೆ ಕುಡಿಯುತ್ತ ದುಡಿದವರಿಗೆ ಕೆಲವು ವರ್ಷಗಳಲ್ಲಿ ಹಲ್ಲುನೋವು ಶುರುವಾಗಿ, ದವಡೆಯ ಎಲುಬು ಸತ್ತು, ಕೊಳೆತು, ತುಂಡುತುಂಡಾಗಿ ಕಳಚುತ್ತಿತ್ತು. ವಿಯೆನ್ನಾದ ವೈದ್ಯ ಲೊರಿನ್ಸರ್ 1845ರಲ್ಲಿ ಇದನ್ನು ಬರೆದಿಟ್ಟ. 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಡ್ಡಿ ಕಾರ್ಖಾನೆಯ ಹೆಣ್ಣುಮಕ್ಕಳು ಮುಷ್ಕರ ಹೂಡಿದಾಗ ಕೂಲಿ, ದಂಡಗಳ ಜೊತೆಗೆ ಈ ದವಡೆರೋಗವೂ ಬೀದಿಗೆ ಬಂತು. 1906ರಲ್ಲಿ ಬರ್ನ್ ನಗರದಲ್ಲಿ ಹಲವು ದೇಶಗಳು ಬಿಳಿ ರಂಜಕವನ್ನು ನಿಷೇಧಿಸುವ ಒಪ್ಪಂದ ಮಾಡಿಕೊಂಡವು. ಬ್ರಿಟಿಷರ ಭಾರತದಲ್ಲಿ 1913ರಲ್ಲಿ ಬಿಳಿ ರಂಜಕದ ಕಡ್ಡಿಯ ವಿರುದ್ಧ ಕಾಯ್ದೆ ಬಂತು. ಆಮೇಲೆ ಈ ರೋಗ ಪಠ್ಯಪುಸ್ತಕದ ಅಡಿಟಿಪ್ಪಣಿಯಾಗಿ ಉಳಿಯಿತು.

ಸುಮಾರು 90 ವರ್ಷ ಕಳೆದ ಮೇಲೆ ಅದೇ ಚಿತ್ರ ಮತ್ತೆ ಕಾಣಿಸಿತು. 2003ರಲ್ಲಿ ಅಮೆರಿಕದ ಮಯಾಮಿಯ ರಾಬರ್ಟ್ ಮಾರ್ಕ್ಸ್ ಎಂಬ ಬಾಯಿಯ ಶಸ್ತ್ರವೈದ್ಯರು 36 ರೋಗಿಗಳ ವಿವರ ಪ್ರಕಟಿಸಿದರು. ಎಲ್ಲರಿಗೂ ದವಡೆಯ ಎಲುಬು ತೆರೆದುಕೊಂಡಿತ್ತು, ಎಲ್ಲರೂ ಪಾಮಿಡ್ರೋನೇಟ್ ಅಥವಾ ಜೋಲೆಡ್ರೋನೇಟ್ ಎಂಬ ಮದ್ದು ಪಡೆದವರು. ಮರುವರ್ಷ ನ್ಯೂಯಾರ್ಕ್ ಕಡೆಯ ಸಾಲ್ವಟೋರ್ ರುಗ್ಗೀರೋ ಮತ್ತು ಸಂಗಡಿಗರು 63 ಪ್ರಕರಣಗಳನ್ನು ಸೇರಿಸಿದರು. 2005ರ ಹೊತ್ತಿಗೆ ಅಮೆರಿಕದ ಔಷಧ ನಿಯಂತ್ರಕರು ಈ ಗುಂಪಿನ ಎಲ್ಲ ಮದ್ದುಗಳ ಚೀಟಿಯ ಮೇಲೂ ದವಡೆಯ ಎಚ್ಚರಿಕೆ ಬರೆಸಿದರು. ಈ ಮದ್ದುಗಳ ಗುಂಪಿಗೆ ಬಿಸ್‌ಫಾಸ್ಫೊನೇಟ್ ಎಂದು ಹೆಸರು. ಹೆಸರಿನಲ್ಲೇ ರಂಜಕದ ನೆಂಟಸ್ತಿಕೆಯಿದೆ. ಕಡ್ಡಿ ಕಾರ್ಖಾನೆಯ ರೋಗಕ್ಕೂ ಇದಕ್ಕೂ ಒಂದೇ ಬೇರು ಎಂದು ಮಾರ್ಕ್ಸ್ ಅವರೇ ವಾದಿಸಿದರು.

ಬಿಸ್‌ಫಾಸ್ಫೊನೇಟಿನ ಪೂರ್ವಾಶ್ರಮವೂ ತಮಾಷೆಯದು. ಮೊದಲು ಅದು ಔಷಧಿಯೇ ಅಲ್ಲ, ಕೊಳವೆಗಳಲ್ಲಿ ಸುಣ್ಣ ಕಟ್ಟದಂತೆ ತಡೆಯಲು ಕಾರ್ಖಾನೆಯವರು ಬಳಸುತ್ತಿದ್ದ ರಾಸಾಯನಿಕ. ಸುಣ್ಣದ ಹರಳಿಗೆ ಅಂಟಿಕೊಳ್ಳುವ ಗುಣ ಅದಕ್ಕಿದೆ. ಎಲುಬೂ ಸುಣ್ಣದ ಹರಳೇ ಅಲ್ಲವೆ ಎಂದು 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಶ್ ಮತ್ತು ಜೊತೆಗಾರರು ಯೋಚಿಸಿದ್ದರಿಂದ ಅದು ದವಾಖಾನೆಗೆ ಬಂತು.

ಅದು ಮಾಡುವ ಕೆಲಸವನ್ನು ನಮ್ಮ ಮಣ್ಣಿನ ಮನೆಯ ಲೆಕ್ಕದಲ್ಲಿ ಹೇಳಬಹುದು. ಹಳೆಯ ಗೋಡೆಯನ್ನು ವರ್ಷಕ್ಕೊಮ್ಮೆ ಕೆದರಿ, ಪೊಳ್ಳು ಬಿದ್ದ ಮಣ್ಣು ಉದುರಿಸಿ, ಹೊಸ ಕೆಸರು ಮೆತ್ತಿ ಸಾರಿಸುತ್ತಿದ್ದರು. ಎಲುಬಿನಲ್ಲೂ ಕೆದರುವ ಕೋಶಗಳಿವೆ, ಮೆತ್ತುವ ಕೋಶಗಳಿವೆ, ಸಾಯುವವರೆಗೂ ಈ ಕೆಲಸ ನಡೆದೇ ಇರುತ್ತದೆ. ಮುಟ್ಟು ನಿಂತ ಹೆಣ್ಣುಮಕ್ಕಳಲ್ಲಿ ಕೆದರುವವರ ಕೈ ಜೋರಾಗುತ್ತದೆ, ಮೆತ್ತುವವರು ಹಿಂದೆ ಬೀಳುತ್ತಾರೆ. ಎಲುಬು ಟೊಳ್ಳಾಗುವುದೆಂದರೆ ಇದೇ. ಬಿಸ್‌ಫಾಸ್ಫೊನೇಟ್ ಕೆದರುವ ಕೋಶಗಳ ಕೈ ಕಟ್ಟುತ್ತದೆ. ಡೆನೊಸುಮ್ಯಾಬ್ ಎಂಬ ಹೊಸ ಇಂಜೆಕ್ಷನ್ನು, ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಪಡೆದದ್ದು, ಆ ಕೋಶಗಳು ಹುಟ್ಟದಂತೆಯೇ ನೋಡಿಕೊಳ್ಳುತ್ತದೆ. ಗೋಡೆ ಉಳಿಯುತ್ತದೆ. ಆದರೆ ಗೋಡೆಗೆ ಎಲ್ಲಿಯೋ ಪೆಟ್ಟು ಬಿದ್ದು ಹಾಳಾದ ಮಣ್ಣನ್ನು ಉದುರಿಸಲೇಬೇಕಾದಾಗ, ಉದುರಿಸುವ ಆಳು ಇರುವುದಿಲ್ಲ.

ಮೈಯೊಳಗೆ 200ಕ್ಕೂ ಹೆಚ್ಚು ಎಲುಬುಗಳಿರುವಾಗ ದವಡೆಗೇ ಯಾಕೆ ಈ ಗತಿ? ದವಡೆ ದಿನಾ ಅಗಿಯುವ ಎಲುಬು. ಕೆದರುವ-ಮೆತ್ತುವ ಕೆಲಸ ಅಲ್ಲಿ ಬೇರೆಡೆಗಿಂತ ಬಹಳ ಜೋರು. ಕೆಲಸ ಜೋರಿದ್ದಲ್ಲಿ ಮದ್ದೂ ಹೆಚ್ಚು ಸೇರುತ್ತದೆ. ತೊಡೆಯ ಎಲುಬಿನ ಮೇಲೆ ಮಾಂಸ, ಚರ್ಮದ ದಪ್ಪ ಹೊದಿಕೆಯಿದ್ದರೆ ದವಡೆಯ ಮೇಲಿರುವುದು ತೆಳ್ಳನೆಯ ಒಸಡು. ಆ ಒಸಡನ್ನು ತೂರಿಕೊಂಡು ಹಲ್ಲು ಹೊರಗೆ ಬಂದಿದೆ, ಹಲ್ಲಿನ ಸುತ್ತ ಲಕ್ಷೋಪಲಕ್ಷ ಸೂಕ್ಷ್ಮಾಣುಗಳ ಸಂತೆಯಿದೆ. ಮೈಯ ಬೇರೆ ಯಾವ ಎಲುಬೂ ಹೊರಜಗತ್ತಿಗೆ ಇಷ್ಟು ಹತ್ತಿರವಿಲ್ಲ. ರೋಗಿಗಳಲ್ಲಿ ಮುಕ್ಕಾಲು ಪಾಲಿಗೆ ಕೆಟ್ಟಿರುವುದು ಕೆಳದವಡೆ, ಅಲ್ಲಿ ರಕ್ತದ ಓಡಾಟ ಮೇಲ್ದವಡೆಗಿಂತ ಕಡಿಮೆ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಹಲ್ಲು ಕೀಳಿಸಿದ್ದರಿಂದಲೇ ಎಲುಬು ಸತ್ತಿತು ಎಂದು ಬಹಳ ದಿನ ನಂಬಿದ್ದರು. ಕೀಳಿಸುವ ಮೊದಲೇ ಆ ಹಲ್ಲಿನ ಬುಡದಲ್ಲಿ ಕೀವು ಇತ್ತು, ಎಲುಬು ಆಗಲೇ ಕೆಡತೊಡಗಿತ್ತು, ಕೀಳಿಸಿದ್ದು ಅದನ್ನು ಬಯಲಿಗೆಳೆಯಿತಷ್ಟೇ ಎಂಬ ವಾದ ಈಗ ಬಲವಾಗಿದೆ. ಹಾಗಿದ್ದರೆ "ಮದ್ದು ನಡೆದಿದೆ, ಹಲ್ಲು ಮುಟ್ಟಬೇಡಿ" ಎಂದು ಕೊಳೆತ ಹಲ್ಲನ್ನು ಬಾಯಲ್ಲೇ ಬಿಡುವುದು ಜಾಣತನವಲ್ಲ, ರೋಗವನ್ನು ಸಾಕಿದಂತೆ.

ಇನ್ನು ಲೆಕ್ಕಕ್ಕೆ ಬರೋಣ. ಭಯವೂ ಉದಾಸೀನವೂ ಹುಟ್ಟುವುದು ಎರಡು ಬೇರೆ ಲೆಕ್ಕಗಳನ್ನು ಒಂದೇ ಮಾಡಿದ್ದರಿಂದ.

ಎಲುಬು ಸವೆತಕ್ಕೆ ಕೊಡುವ ಪ್ರಮಾಣ ಬೇರೆ, ಕ್ಯಾನ್ಸರಿಗೆ ಕೊಡುವ ಪ್ರಮಾಣ ಬೇರೆ. ಸವೆತಕ್ಕೆ ಅಲೆಂಡ್ರೋನೇಟ್ ಗುಳಿಗೆಯಾದರೆ ವಾರಕ್ಕೊಂದು, 70 ಮಿಲಿಗ್ರಾಮಿನದು. ಬರಿಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ ಅರ್ಧ ತಾಸು ಮಲಗದೆ ಇರಬೇಕು, ಆದರೂ ನುಂಗಿದ್ದರಲ್ಲಿ ನೂರಕ್ಕೆ ಒಂದು ಪಾಲೂ ಮೈಗೆ ಹತ್ತುವುದಿಲ್ಲ. ಜೋಲೆಡ್ರೋನಿಕ್ ಆಮ್ಲವಾದರೆ (ಮೇಲೆ ಹೇಳಿದ ಜೋಲೆಡ್ರೋನೇಟ್ ಇದೇ) ವರ್ಷಕ್ಕೊಮ್ಮೆ 5 ಮಿಲಿಗ್ರಾಮು. ಡೆನೊಸುಮ್ಯಾಬ್ ಆದರೆ ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಮು. ಆದರೆ ಮೊಲೆಯ ಕ್ಯಾನ್ಸರು, ಪ್ರಾಸ್ಟೇಟ್ ಕ್ಯಾನ್ಸರು ಎಲುಬಿಗೆ ಹಬ್ಬಿದ್ದರೆ, ಅಥವಾ ಮೈಲೋಮಾ ಎಂಬ ಎಲುಬಿನ ಮಜ್ಜೆಯ ಕ್ಯಾನ್ಸರಿದ್ದರೆ, ಅದೇ ಜೋಲೆಡ್ರೋನಿಕ್ ಆಮ್ಲ 4 ಮಿಲಿಗ್ರಾಮಿನಂತೆ ತಿಂಗಳಿಗೊಮ್ಮೆ ನಡೆಯುತ್ತಿತ್ತು. ವರ್ಷಕ್ಕೆ 48 ಮಿಲಿಗ್ರಾಮು, ಸವೆತದ ರೋಗಿಯ ಸುಮಾರು ಹತ್ತು ಪಟ್ಟು. ಮೂರು ತಿಂಗಳಿಗೊಮ್ಮೆ ಕೊಟ್ಟರೂ ಸಾಕಾಗುತ್ತದೆಂದು 2017ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದು ತೋರಿಸಿದ ಮೇಲೆ ಅನೇಕ ಕಡೆ ಅಂತರ ಹೆಚ್ಚಿಸಿದ್ದಾರೆ.

ಫಲವೂ ಅದಕ್ಕೆ ತಕ್ಕಂತೆ. ಅಮೆರಿಕದ ಆ ಶಸ್ತ್ರಚಿಕಿತ್ಸಕರ ಸಂಘದ 2022ರ ನಿಲುವಿನ ಪ್ರಕಾರ ಸವೆತಕ್ಕೆ ಬಿಸ್‌ಫಾಸ್ಫೊನೇಟ್ ಪಡೆದ 10,000 ಜನರಲ್ಲಿ 2ರಿಂದ 5 ಜನರಿಗೆ ದವಡೆಯ ತೊಂದರೆ. ಡೆನೊಸುಮ್ಯಾಬಿನಲ್ಲಿ ಇದು ಹೆಚ್ಚೆಂದರೆ 30ರವರೆಗೆ ಹೋಗಿದೆ. ಕ್ಯಾನ್ಸರಿನ ಪ್ರಮಾಣ ಪಡೆದವರಲ್ಲಾದರೆ ಬಹುತೇಕ ಅಧ್ಯಯನಗಳಲ್ಲಿ ನೂರಕ್ಕೆ 5ರ ಒಳಗೆ, ಕೆಲವು ಅಧ್ಯಯನಗಳಲ್ಲಿ ಇನ್ನೂ ಮೇಲೆ. ಹತ್ತು ಸಾವಿರಕ್ಕೆ ಇಬ್ಬರು ಮೂವರು ಎಂಬುದಕ್ಕೂ ನೂರಕ್ಕೆ ಇಬ್ಬರು ಮೂವರು ಎಂಬುದಕ್ಕೂ ಇರುವ ಅಂತರ ಹಾನಗಲ್ಲಿಗೂ ಹೈದರಾಬಾದಿಗೂ ಇರುವಷ್ಟು. 2007ರಲ್ಲಿ ಪ್ರಕಟವಾದ ಹೊರೈಝನ್ ಎಂಬ ದೊಡ್ಡ ಪರೀಕ್ಷೆಯಲ್ಲಿ 7,700ಕ್ಕೂ ಹೆಚ್ಚು ಹೆಂಗಸರಿದ್ದರು. ಅರ್ಧದಷ್ಟು ಜನರಿಗೆ ವರ್ಷದ ಜೋಲೆಡ್ರೋನಿಕ್ ಸಲೈನು, ಉಳಿದವರಿಗೆ ಮದ್ದಿಲ್ಲದ ಸಲೈನು. ಮೂರು ವರ್ಷದಲ್ಲಿ ದವಡೆಯ ತೊಂದರೆ ಕಂಡದ್ದು ಮದ್ದು ಪಡೆದವರಲ್ಲಿ ಒಬ್ಬರಿಗೆ, ಮದ್ದು ಪಡೆಯದವರಲ್ಲೂ ಒಬ್ಬರಿಗೆ. ಅದೇ ಪರೀಕ್ಷೆಯಲ್ಲಿ ಬೆನ್ನುಮೂಳೆಯ ಮುರಿತ ನೂರಕ್ಕೆ 70ರಷ್ಟು, ತೊಡೆಸಂಧಿಯ ಮುರಿತ ನೂರಕ್ಕೆ 41ರಷ್ಟು ತಗ್ಗಿತು.

ಭಯದ ಸುದ್ದಿಯೇ ಹೆಚ್ಚು ಅಪಾಯಕಾರಿ ಎಂದದ್ದು ಈ ಕಾರಣಕ್ಕೆ. ಮಳೆಗಾಲದಲ್ಲಿ ಹಾನಗಲ್ಲ ಸೀಮೆಯ ಹಿತ್ತಲಕಲ್ಲುಗಳ ಮೇಲೆ ಪಾಚಿ ಕಟ್ಟುತ್ತದೆ. ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದ ಅಜ್ಜಿಯ ತೊಡೆಸಂಧಿ ಮುರಿದರೆ ಆ ಮನೆಯಲ್ಲಿ ಮುಂದೇನಾಗುತ್ತದೆಂದು ಬರೆದು ತಿಳಿಸಬೇಕಿಲ್ಲ. ಹಾಸಿಗೆ ಹಿಡಿಯುವುದು, ಬೆನ್ನಹುಣ್ಣು, ಎದೆಯಲ್ಲಿ ಕಫ. ತೊಡೆಸಂಧಿ ಮುರಿದ ಹಿರಿಯರಲ್ಲಿ ಐವರಿಗೊಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಜಗತ್ತಿನ ಹಲವು ದೇಶಗಳ ಲೆಕ್ಕ ಹೇಳುತ್ತದೆ. ಸಾವಿರಾರು ಜನರಲ್ಲಿ ಒಬ್ಬರ ದವಡೆಗೆ ಹೆದರಿ ಎಲ್ಲರ ತೊಡೆಯೆಲುಬನ್ನು ಪಣಕ್ಕಿಡುವುದು ಯಾವ ನ್ಯಾಯ?

ಡೆನೊಸುಮ್ಯಾಬಿನ ವಿಷಯದಲ್ಲಿ ಈ ಹೆದರಿಕೆ ಇನ್ನೂ ದುಬಾರಿ. ಬಿಸ್‌ಫಾಸ್ಫೊನೇಟ್ ಎಲುಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಆದ್ದರಿಂದ ಒಂದು ಸುತ್ತು ತಪ್ಪಿದರೂ ಆಧಾರ ತಕ್ಷಣ ಕಳಚುವುದಿಲ್ಲ. ಡೆನೊಸುಮ್ಯಾಬ್ ಹಾಗಲ್ಲ. ಆರು ತಿಂಗಳಿಗೆ ಅದರ ಕೆಲಸ ಮುಗಿಯುತ್ತದೆ, ಮುಂದಿನ ಸೂಜಿ ತಪ್ಪಿದರೆ ಕಟ್ಟಿಹಾಕಿದ್ದ ಕೆದರುವ ಕೋಶಗಳು ಒಮ್ಮೆಲೇ ಮೇಲೇಳುತ್ತವೆ, ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿದ ಉದಾಹರಣೆಗಳಿವೆ. ಹಲ್ಲು ಕೀಳಿಸಬೇಕೆಂದು ಈ ಸೂಜಿಯನ್ನು ತಾವಾಗಿಯೇ ನಿಲ್ಲಿಸುವುದು ಸಲ್ಲದು. ಕೊನೆಯ ಸೂಜಿಯಾಗಿ ಮೂರು-ನಾಲ್ಕು ತಿಂಗಳಾದ ಮೇಲೆ ಹಲ್ಲಿನ ಕೆಲಸ ಇಟ್ಟುಕೊಂಡು, ಗಾಯ ಮಾಯ್ದ ಮೇಲೆ ಮುಂದಿನ ಸೂಜಿಯನ್ನು ಹೊತ್ತಿಗೆ ಸರಿಯಾಗಿ ಪಡೆಯುವುದು ಈಗ ರೂಢಿಗೆ ಬರುತ್ತಿರುವ ದಾರಿ.

ಬಿಸ್‌ಫಾಸ್ಫೊನೇಟಿಗೆ "ಮದ್ದಿನ ರಜೆ" ಕೊಟ್ಟು ಆಮೇಲೆ ಹಲ್ಲು ಕೀಳಬೇಕೋ ಬೇಡವೋ ಎಂಬಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ. ಎಲುಬಿನಲ್ಲಿ ಹತ್ತು ವರ್ಷ ಕುಳಿತಿರುವ ವಸ್ತುವಿಗೆ ಎರಡು ತಿಂಗಳ ರಜೆ ಕೊಟ್ಟರೆ ಏನು ಬದಲಾದೀತು ಎನ್ನುವವರ ಮಾತು ನನಗೆ ಸರಿಯೆನಿಸುತ್ತದೆ. ಆದರೂ ನಾಲ್ಕು ವರ್ಷ ಮೀರಿ ಮದ್ದು ಪಡೆದವರು, ಜೊತೆಗೆ ಸ್ಟಿರಾಯ್ಡ್ ತೆಗೆದುಕೊಳ್ಳುವವರು ಇದ್ದರೆ ರಜೆ ಕೊಡುವ ವೈದ್ಯರು ಇದ್ದಾರೆ. ಸ್ಟಿರಾಯ್ಡ್ ಎಂದಾಗ ಒಂದು ಅಡ್ಡಮಾತು: ಮೊಳಕಾಲು ನೋವಿಗೆಂದು ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಪುಡಿ, ಗುಳಿಗೆಗಳಲ್ಲಿ ಹಲವು ಸಲ ಇರುವುದು ಅದೇ. ಅದು ಎಲುಬನ್ನೂ ಟೊಳ್ಳು ಮಾಡುತ್ತದೆ, ದವಡೆಯ ಅಪಾಯವನ್ನೂ ಹೆಚ್ಚಿಸುತ್ತದೆ. ಮೊಬೈಲಿನ ಭಯ ಇದರ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಈ ನಾಲ್ಕು ತಾಲೂಕುಗಳಿಗೆ ಪ್ರತ್ಯೇಕವಾದ ತೊಡಕು ಒಂದಿದೆ, ಅದು ಔಷಧಿಯದಲ್ಲ, ದಾರಿಯದು. 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು ತೀರ ಈಚೆಗೆ. ಅಲ್ಲಿಯವರೆಗೂ, ಈಗಲೂ, ದೊಡ್ಡ ರೋಗ ಬಂದರೆ ಜನ ದಿಕ್ಕಿಗೊಬ್ಬರಾಗಿ ಹೋಗುತ್ತಾರೆ. ಹೆದ್ದಾರಿಯ ಮೇಲಿರುವ ಶಿಗ್ಗಾಂವದವರಿಗೆ ಹುಬ್ಬಳ್ಳಿ ಹತ್ತಿರ, ಸವಣೂರಿನವರೂ ಅತ್ತಲೇ. ಹಾನಗಲ್ಲದವರು ಹುಬ್ಬಳ್ಳಿಗೂ ಹೋಗುತ್ತಾರೆ, ಶಿರಸಿಯ ಕಡೆಗೂ ಹೋಗುತ್ತಾರೆ. ಹಿರೇಕೆರೂರಿನವರಿಗೆ ದಾವಣಗೆರೆ, ಶಿವಮೊಗ್ಗ. ಕ್ಯಾನ್ಸರಾದರೆ ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಆಸ್ಪತ್ರೆ, ಇಲ್ಲವೇ ಬೆಂಗಳೂರಿನ ಕಿದ್ವಾಯಿ. ಎಲುಬಿನ ಮದ್ದು ಏರುವುದು ಅಲ್ಲಿ. ಹಲ್ಲುನೋವು ಬರುವುದು ಮಾತ್ರ ಊರಲ್ಲಿ, ಅದೂ ನಡುರಾತ್ರಿ. ಹಲ್ಲಿಗೋಸ್ಕರ ಯಾರೂ ಬೆಂಗಳೂರಿನ ಬಸ್ಸು ಹತ್ತುವುದಿಲ್ಲ. ತಾಲೂಕು ಆಸ್ಪತ್ರೆಯ ದಂತವೈದ್ಯರ ಹತ್ತಿರವೋ ಪೇಟೆಯ ಖಾಸಗಿ ದವಾಖಾನೆಗೋ ಹೋಗಿ ಒಂದು ಹಲ್ಲು ಕೀಳಿಸಿಕೊಂಡು ಸಂತೆ ಮುಗಿಸಿ ಮನೆಗೆ ಹೋಗುತ್ತಾರೆ. ಮದ್ದು ಕೊಟ್ಟವರಿಗೆ ಹಲ್ಲಿನ ಸುದ್ದಿ ಗೊತ್ತಿಲ್ಲ, ಹಲ್ಲು ಕಿತ್ತವರಿಗೆ ಮದ್ದಿನ ಸುದ್ದಿ ಗೊತ್ತಿಲ್ಲ. ಇಬ್ಬರ ನಡುವೆ ಸುದ್ದಿ ಒಯ್ಯಬೇಕಾದ ಬಿಡುಗಡೆ ಚೀಟಿ ಮನೆಯ ಟ್ರಂಕಿನಲ್ಲಿ, ಪಾಸ್‌ಪುಸ್ತಕದ ಕೆಳಗೆ, ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿದೆ. ಎಷ್ಟು ಭದ್ರವೆಂದರೆ ಬೇಕಾದಾಗ ಯಾರಿಗೂ ಸಿಗದಷ್ಟು.

ಇನ್ನೊಂದು ತೊಡಕು, ತೆರೆದ ದವಡೆ ಎಲುಬನ್ನು ಇಲ್ಲಿ ಕಂಡವರು ಮೊದಲು ನೆನೆಯುವುದು ಈ ರೋಗವನ್ನಲ್ಲ. ಮೊದಲು ನೆನೆಯಬೇಕಾದದ್ದೂ ಇದನ್ನಲ್ಲ. ಸವಣೂರು ಎಲೆಬಳ್ಳಿಯ ಊರು. ಆ ಎಲೆ ದೂರದೂರಕ್ಕೆ ಹೆಸರಾದದ್ದು, ಊಟದ ಮೇಲೊಂದು ಎಲೆ ಹಾಕಿಕೊಳ್ಳುವ ಸುಖ ಈ ಸೀಮೆಯವರಿಗೆ ಯಾರೂ ಕಲಿಸಬೇಕಿಲ್ಲ. ಆದರೆ ಎಲೆಯ ಜೊತೆ ಅಡಕೆ, ಅಡಕೆಯ ಜೊತೆ ತಂಬಾಕು, ತಂಬಾಕಿನ ಬೆನ್ನಿಗೆ ಗುಟ್ಕಾ ಸೇರಿ ಬಾಯಿಯ ಕ್ಯಾನ್ಸರು ನಮ್ಮ ಮನೆಮನೆಯ ಶತ್ರುವಾಯಿತು. ತಂಬಾಕಿಲ್ಲದ ಎಲೆಯಡಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2004ರ ಗ್ರಂಥದಲ್ಲಿ ದಾಖಲಿಸಿದೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ನಿಷೇಧದ ಆಮೇಲೆ ಪಾನ್‌ಮಸಾಲೆ ಒಂದು ಪುಡಿಕೆ, ತಂಬಾಕು ಇನ್ನೊಂದು ಪುಡಿಕೆ ಎಂದು ಜೋಡಿಯಾಗಿ ಮಾರಿದ್ದು ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಗೊತ್ತು. ಆದ್ದರಿಂದ ಬಾಯಲ್ಲಿ ಮಾಯದ ಗಾಯ ಕಂಡರೆ ಇಲ್ಲಿ ಮೊದಲು ತಳ್ಳಿಹಾಕಬೇಕಾದದ್ದು ಕ್ಯಾನ್ಸರನ್ನೇ. ಬಾಯಿಯ ಕ್ಯಾನ್ಸರಿಗೆ ಕರೆಂಟು ಕೊಡಿಸಿಕೊಂಡವರಿಗೆ ವರ್ಷಗಳ ಮೇಲೆ ಅದೇ ರೇಡಿಯೇಶನ್ನಿನಿಂದ ದವಡೆ ಸಾಯುವುದೂ ಉಂಟು. ಕಣ್ಣಿಗೆ ಎರಡೂ ಒಂದೇ ತರಹ ಕಂಡರೂ ರೋಗ ಬೇರೆ, ಉಪಚಾರ ಬೇರೆ. ನಿರ್ಲಕ್ಷಿಸಿದ ಹುಳುಕು ಹಲ್ಲಿನಿಂದ ಎಲುಬಿಗಿಳಿದ ಕೀವು ಮತ್ತೊಂದು. 2021ರಲ್ಲಿ ಕೋವಿಡ್ಡಿನ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರ ಎಷ್ಟೋ ಮಂದಿಯ ಮೇಲ್ದವಡೆಯನ್ನೇ ಕಳೆಯಿತು, ಆಗ ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಅದಕ್ಕಾಗಿ ವಾರ್ಡುಗಳೇ ತುಂಬಿದ್ದವು. ಇಷ್ಟು ಗುಂಪಿನಲ್ಲಿ ಮದ್ದಿನಿಂದಾದ ರೋಗ ಹಿಂದಿನ ಸಾಲಿನಲ್ಲಿ ನಿಂತ ಬಡಪಾಯಿ. ಅದನ್ನು ಗುರುತಿಸಲು ಇರುವ ಏಕೈಕ ದಾರಿ ಕೇಳುವುದು: ಎಂದಾದರೂ ಎಲುಬಿಗೆಂದು ಸೂಜಿ, ಸಲೈನು ಆಗಿದೆಯೆ?

"ಎಲುಬು ಸವೆತ" ಎಂಬ ನಮ್ಮ ಮಾತೂ ಗೊಂದಲ ಹೆಚ್ಚಿಸುತ್ತದೆ. ಮೊಳಕಾಲಿನ ಕೀಲು ಸವೆದದ್ದಕ್ಕೂ ಅದೇ ಮಾತು, ಮೈಯೆಲ್ಲ ಎಲುಬು ಟೊಳ್ಳಾದದ್ದಕ್ಕೂ ಅದೇ ಮಾತು. ಕೀಲಿನ ಸವೆತಕ್ಕೆ ಈ ಮದ್ದುಗಳು ಬೇಕಿಲ್ಲ. ಎಲುಬು ಟೊಳ್ಳಾಗಿದೆಯೋ ಎಂದು ತಿಳಿಯಲು ಡೆಕ್ಸಾ ಎಂಬ ಯಂತ್ರದ ಪರೀಕ್ಷೆಯಿದೆ, ಅದರ ಅಂಕ ಸೊನ್ನೆಯಿಂದ ಕೆಳಗೆ ಎರಡೂವರೆ ಅಥವಾ ಇನ್ನೂ ಕೆಳಗಿದ್ದರೆ ರೋಗ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಮಾಡಿತು. ಈ ಪರೀಕ್ಷೆಗೆ ನಮ್ಮವರು ದೊಡ್ಡ ಪಟ್ಟಣಕ್ಕೇ ಹೋಗಬೇಕು. ಇನ್ನು ಕ್ಯಾಲ್ಸಿಯಂ ಗುಳಿಗೆ, ವಿಟಮಿನ್ ಡಿ ಪುಡಿ ತೆಗೆದುಕೊಳ್ಳುವವರು ದವಡೆಗೆ ಹೆದರಿ ಅದನ್ನೂ ಬಿಟ್ಟಿದ್ದಾರೆಂದರೆ ಅದು ಬರೀ ಹೆಸರಿನ ಗೊಂದಲದ ಫಲ. ಅವುಗಳಿಂದ ದವಡೆಯ ಎಲುಬು ಸಾಯುವುದಿಲ್ಲ.

ಹಲ್ಲಿನ ಸೆಟ್ಟಿನ ವಿಷಯವನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ ದಂತಭಾಗ್ಯ ಯೋಜನೆ ಕರ್ನಾಟಕದ ಒಳ್ಳೆಯ ಯೋಜನೆಗಳಲ್ಲೊಂದು. ಬೊಚ್ಚುಬಾಯಿಯ ಮುದುಕರು ರೊಟ್ಟಿ ಮುರಿದು ತಿನ್ನುವಂತಾದದ್ದು ಸಣ್ಣ ಮಾತಲ್ಲ. ಆದರೆ ಈ ಎಲುಬಿನ ಮದ್ದು ಪಡೆದವರಿಗೆ ಸಡಿಲ ಸೆಟ್ಟು ಒಸಡನ್ನು ಉಜ್ಜಿ ಮಾಡುವ ಹುಣ್ಣೂ ಈ ರೋಗಕ್ಕೆ ಬಾಗಿಲು ತೆರೆಯಬಲ್ಲದು. ಹಲ್ಲೇ ಇಲ್ಲದವರಿಗೆ ಹಲ್ಲಿನ ಡಾಕ್ಟರ ಹಂಗೇಕೆ ಎಂದುಕೊಳ್ಳುವಂತಿಲ್ಲ. ಸೆಟ್ಟನ್ನು ರಾತ್ರಿ ತೆಗೆದಿಡಬೇಕು, ಚುಚ್ಚಿದರೆ ಹತ್ತಿ ಇಟ್ಟು ಸಹಿಸದೆ ಉಜ್ಜಿಸಿಕೊಂಡು ಬರಬೇಕು.

ಮುಂಚೆಯೇ ಬಾಯಿ ನೋಡಿದರೆ ಎಷ್ಟು ಲಾಭ ಎಂಬುದಕ್ಕೆ ಇಟಲಿಯ ಮಿಲಾನಿನ ಕ್ಯಾನ್ಸರ್ ಸಂಸ್ಥೆಯ 2009ರ ವರದಿ ಒಳ್ಳೆಯ ಸಾಕ್ಷಿ. ಎಲುಬಿಗೆ ಕ್ಯಾನ್ಸರು ಹಬ್ಬಿದವರಿಗೆ ಮದ್ದು ಶುರುಮಾಡುವ ಮೊದಲು ಬಾಯಿ ಪರೀಕ್ಷಿಸಿ, ಕೀಳಬೇಕಾದ ಹಲ್ಲು ಕಿತ್ತು, ಒಸಡು ಶುದ್ಧಮಾಡಿ, ಗಾಯ ಮಾಯಿಸಿದ್ದರಿಂದ ದವಡೆಯ ರೋಗ ನೂರಕ್ಕೆ 3.2ರಿಂದ 1.3ಕ್ಕೆ ಇಳಿಯಿತು. ಇದಕ್ಕೆ ಹೊಸ ಯಂತ್ರ ಬೇಕಾಗಲಿಲ್ಲ. ಕನ್ನಡಿ, ಕಡ್ಡಿ, ಒಂದು ಎಕ್ಸ್‌ರೇ, ಕೆಲವು ವಾರಗಳ ತಾಳ್ಮೆ. ನಮ್ಮ ತಾಲೂಕು ಆಸ್ಪತ್ರೆಗಳ ದಂತ ವಿಭಾಗದಲ್ಲಿ ಆಗಬಹುದಾದ ಕೆಲಸವೇ. ಎಲುಬಿನ ಡಾಕ್ಟರು, ಕ್ಯಾನ್ಸರ್ ಡಾಕ್ಟರು ಮೊದಲ ಸಲೈನು ಬರೆಯುವ ಮುಂಚೆ "ಒಮ್ಮೆ ಹಲ್ಲು ತೋರಿಸಿಕೊಂಡು ಬರ್ರಿ" ಎಂದು ಒಂದು ಸಾಲು ಬರೆದರೆ ಸಾಕು. ಆ ಸಾಲು ಬರೆಯದಿರುವುದಕ್ಕೆ ಹೊರರೋಗಿ ವಿಭಾಗದ ನೂಕುನುಗ್ಗಲು ಕಾರಣವಿದ್ದೀತು, ನೆಪವಾಗಬಾರದು.

ರೋಗ ಬಂದೇಬಿಟ್ಟರೆ? ಅದನ್ನು ಹಂತ ಹಂತವಾಗಿ ಅಳೆಯುತ್ತಾರೆ. ಎಲುಬು ತೆರೆದಿದ್ದರೂ ನೋವು, ಕೀವು ಇಲ್ಲದಿದ್ದರೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಬಾಯಿ ಮುಕ್ಕಳಿಸುತ್ತ, ಬಾಯಿ ಶುದ್ಧ ಇಟ್ಟುಕೊಂಡು ಕಾಯುವುದು. ಕೀವಾದರೆ ಆಂಟಿಬಯಾಟಿಕ್. ಸತ್ತ ಎಲುಬಿನ ಚೂರು ಸಡಿಲವಾದರೆ ತೆಗೆಯುವುದು. ದವಡೆ ಮುರಿಯುವ ಹಂತ, ಗದ್ದಕ್ಕೆ ತೂತು ಬಿದ್ದ ಹಂತಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ. ಮೊದಲು "ಕತ್ತಿ ಮುಟ್ಟಿಸಿದರೆ ಇನ್ನೂ ಕೆಡುತ್ತದೆ" ಎಂಬ ಹೆದರಿಕೆ ವೈದ್ಯರಲ್ಲೇ ಇತ್ತು. ಮೊದಮೊದಲ ಹಂತದಲ್ಲೇ ಸತ್ತ ಭಾಗವನ್ನು ಪೂರಾ ತೆಗೆದು ಒಸಡು ಹೊಲಿದರೆ ಫಲ ಒಳ್ಳೆಯದಿರುತ್ತದೆಂದು ಅಮೆರಿಕದ ಸಂಘದ 2022ರ ನಿಲುವು ಒಪ್ಪಿಕೊಂಡಿದೆ. ಇಂಥ ಕೆಲಸಕ್ಕೆ ನಮ್ಮ ನಾಲ್ಕು ತಾಲೂಕಿನವರು ತೀರ ದೂರ ಹೋಗಬೇಕಿಲ್ಲ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿದೆ, ದಾವಣಗೆರೆಯಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜಿದೆ, ಎರಡರಲ್ಲೂ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯ ವಿಭಾಗಗಳಿವೆ.

ಓದುಗರಲ್ಲಿ ನನ್ನ ಕೋರಿಕೆ ಸಣ್ಣದು. ಮನೆಯಲ್ಲಿ ಎಲುಬಿಗೆಂದು ಸೂಜಿ, ಸಲೈನು, ವಾರದ ಅಥವಾ ತಿಂಗಳ ಗುಳಿಗೆ ಪಡೆದ ಹಿರಿಯರಿದ್ದರೆ ಒಂದು ರಟ್ಟಿನ ಚೂರಿನ ಮೇಲೆ ಮದ್ದಿನ ಹೆಸರು, ಶುರುವಾದ ತಿಂಗಳು, ಕೊನೆಯ ಸೂಜಿಯ ತಾರೀಖು ಬರೆದು ಆಧಾರ್ ಕಾರ್ಡಿನ ಬೆನ್ನಿಗೆ ಸೇರಿಸಿಡಿ. ಹಲ್ಲಿನ ಕುರ್ಚಿ ಹತ್ತುವ ಮೊದಲು ಅದನ್ನು ಡಾಕ್ಟರ ಕೈಗೆ ಕೊಡಿ. ಕಿತ್ತ ಹಲ್ಲಿನ ಕುಣಿ ಎಂಟು ವಾರವಾದರೂ ಮುಚ್ಚದಿದ್ದರೆ ಉಪ್ಪುನೀರು, ಲವಂಗದ ಎಣ್ಣೆಯಲ್ಲಿ ಕಾಲ ಕಳೆಯಬೇಡಿ. ರೋಗ ಮದ್ದಿನಿಂದಲೇ ಎಂದು ಡಾಕ್ಟರು ಹೇಳಿದರೆ ಅದನ್ನು ದಾಖಲೆ ಮಾಡಿಸಿ. 2010ರಲ್ಲಿ ಶುರುವಾದ ಭಾರತದ ಔಷಧ ಅಡ್ಡಪರಿಣಾಮ ನಿಗಾ ಕಾರ್ಯಕ್ರಮಕ್ಕೆ ವೈದ್ಯರಷ್ಟೇ ಅಲ್ಲ, ರೋಗಿಯೂ ರೋಗಿಯ ಮನೆಯವರೂ ವರದಿ ಕೊಡಬಹುದು. ಉಚಿತ ದೂರವಾಣಿ 1800-180-3024. ಗ್ರಾಹಕರು ತುಂಬುವ ಅರ್ಜಿ ಕನ್ನಡದಲ್ಲೂ ಇದೆ.